ಹೊರಗಿನ ಅಂಗಡಿಯ ಮಾಲು

"ಯಾರನ್ನ ಕೇಳಿ ಹಾಕ್ದೆ ಇದನ್ನ?"

ಚೌಡಪ್ಪನ ಕೂಗಿಗೆ ಅಡುಗೆಮನೆಯಲ್ಲಿದ್ದ ಮಗಳು ಓಡಿ ಬಂದಳು. ಮೂವತ್ತು ವರ್ಷ ಪವರ್‌ಲೂಮ್ ಓಡಿಸಿದವನ ಗಂಟಲು ಅದು, ಮೆಲ್ಲಗೆ ಮಾತಾಡಿ ಗೊತ್ತೇ ಇಲ್ಲ. ಅವನ ಫೋನಿನಲ್ಲಿ ಪ್ಲೇ ಸ್ಟೋರ್ ಅಲ್ಲದೆ ಇನ್ನೊಂದು ಆಪ್ ಸ್ಟೋರ್ ಇರುವುದನ್ನು ಮೊಬೈಲ್ ರಿಪೇರಿಯವನು ಆಗಷ್ಟೇ ತೋರಿಸಿಕೊಟ್ಟಿದ್ದ.

"ಅದು ಒಳ್ಳೇ ಸ್ಟೋರೇ ಅಪ್ಪ. ನಾನೇ ವಿಚಾರಿಸಿ ಹಾಕಿದ್ದು."

ಅವಳ ಮುಖವನ್ನೂ ನೋಡದೆ, ಕಣ್ಣನ್ನು ಫೋನಿನಲ್ಲೇ ನೆಟ್ಟು ಅವನು ಗುಡುಗಿದ. "ಒಳ್ಳೇದಂತೆ! ಹಿಂದಿನ ಬೀದಿ ಗಂಗಾಧರ ಹೀಗೇ ಎಲ್ಲಿಂದ್ಲೋ ಏನೋ ಹಾಕ್ಕೊಂಡ. ಹೆಂಡ್ತಿ ಮಕ್ಕಳ ಫೋಟೋ ಎಲ್ಲಾ ಯಾವನ ಕೈಗೋ ಹೋಯ್ತು. ನನ್ನ ಮನೇಲಿ ಕಳ್ಳಮಾಲು ಇರಕೂಡ್ದು!"

"ತಾಳಪ್ಪ, ಅದ್ರಲ್ಲಿ ನಿಂಗೆ ಬೇಕಾಗಿರೋದೂ ಇದೆ."

"ನಂಗೇನು ಬೇಕು ಅಂತ ನೀನು ಹೇಳ್ಕೊಡ್ಬೇಕಾ?"

ಫೋನಿಗೆ ಕೈಚಾಚಿದ ಮಗಳನ್ನು ಮೊಣಕೈಯಿಂದ ತಡೆದು, ಆ ಸ್ಟೋರಿನಿಂದ ಬಂದ ಆಪ್‌ಗಳನ್ನೆಲ್ಲ, ಅವುಗಳ ಇಂಗ್ಲಿಷ್ ಹೆಸರು ಓದುವ ಗೋಜಿಗೂ ಹೋಗದೆ, ಹಲ್ಲು ಕಚ್ಚಿಕೊಂಡು ಒಂದೊಂದಾಗಿ ಅಳಿಸಿದ. ಕೊನೆಗೆ ಸ್ಟೋರನ್ನೂ ಕಿತ್ತುಹಾಕಿದ.

"ಈಗ ಹೇಳು, ನಂಗೆ ಬೇಕಾಗಿದ್ದು ಯಾವ್ದಿತ್ತು ಅದ್ರಲ್ಲಿ?"

ಮಗಳು ಹೇಳಿದಳು. ಮತ್ತೊಮ್ಮೆ ಹೇಳಿದಳು. ಮಗ್ಗದ ಸದ್ದಿಗೆ ಎಂದೋ ಕಿವಿ ಕಳೆದುಕೊಂಡಿದ್ದ ಚೌಡಪ್ಪನಿಗೆ ಅವಳ ತುಟಿ ಅಲ್ಲಾಡುವುದಷ್ಟೇ ಕಂಡಿತು. ಇಷ್ಟು ದಿನ ಎಲ್ಲರ ಮಾತನ್ನೂ ಬರೆದು ತೋರಿಸುತ್ತಿದ್ದ ಫೋನಿನಲ್ಲಿ ಒಂದಕ್ಷರವೂ ಮೂಡಲಿಲ್ಲ.