ನ್ಯೂಟ್ರಲ್

ಕೆಂಪು ದೀಪ ಬಿತ್ತು. ಅವಳು ಬೈಕನ್ನು ಕಾರೊಂದರ ಹಿಂದೆ, ತುಸು ಪಕ್ಕಕ್ಕೆ ನಿಲ್ಲಿಸಿ, ಫಸ್ಟ್ ಗೇರಿನಲ್ಲೇ ಕ್ಲಚ್ ಹಿಡಿದು ಕನ್ನಡಿ ನೋಡುತ್ತಾ ಕೂತಳು.

"ನ್ಯೂಟ್ರಲ್‌ಗೆ ಹಾಕಬಾರ್ದಾ? ಕೈ ನೋಯಲ್ವಾ?" ಹಿಂದೆ ಕೂತಿದ್ದ ಗಂಡ ಕೇಳಿದ.

"ನ್ಯೂಟ್ರಲ್‌ನಲ್ಲಿರೋದು ನಿಮ್ಮ ಅಭ್ಯಾಸ, ನಂದಲ್ಲ."

ಮಾತು ಅವನಿಗೆ ತಾಗಿತು. ಬೈಕ್ ಓಡಿಸೋ ಸೊಸೆ ಈ ಮನೆಗೆ ಬೇಡ, ಗಾಡಿ ಮಾರಲೇಬೇಕು ಎಂದು ಬೆಳಿಗ್ಗೆ ಅತ್ತೆ ರಂಪ ಮಾಡಿದಾಗ, "ನಿಮ್ಮಿಬ್ಬರ ಜಗಳದಲ್ಲಿ ನಾನು ನ್ಯೂಟ್ರಲ್ಲಪ್ಪಾ" ಎಂದು ಪೇಪರ್ ಬಿಡಿಸಿ ಕೂತವನು ಅವನೇ. ಈಗ ಹೊರಟಿದ್ದು ಹಳೇ ಗಾಡಿ ಕೊಳ್ಳುವವನ ಅಂಗಡಿಗೆ.

ಕನ್ನಡಿಯಲ್ಲಿ ಟೆಂಪೊವೊಂದು ದೊಡ್ಡದಾಗುತ್ತಾ ಬಂತು. ನಿಲ್ಲುವ ಲಕ್ಷಣವೇ ಇರಲಿಲ್ಲ. ಅವಳು ಕ್ಲಚ್ ಬಿಟ್ಟವಳೇ ಕಾರಿನ ಪಕ್ಕದ ಸಂದಿಗೆ ನುಗ್ಗಿದಳು. ಟೆಂಪೊ ಅವರು ನಿಂತಿದ್ದ ಜಾಗ ದಾಟಿ ಕಾರಿನ ಹಿಂಬದಿಯನ್ನು ಜಜ್ಜಿ ನಿಂತಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಕಾರಿನವನು ಇಳಿದು ಬಯ್ಯತೊಡಗಿದ.

ಗಂಡ ತಿರುಗಿ ಜಜ್ಜಿಹೋದ ಕಾರನ್ನು ನೋಡಿದ. "ನ್ಯೂಟ್ರಲ್‌ನಲ್ಲಿದ್ದಿದ್ರೆ ನಮ್ಮ ಕತೆ ಮುಗೀತಿತ್ತು ಕಣೇ!"

ಹಸಿರು ಬಿತ್ತು. ಅವಳು ಯೂ-ಟರ್ನ್ ಹೊಡೆದಳು.

"ಏಯ್, ಅಂಗಡಿ ಆ ಕಡೆ!"

"ಗೊತ್ತು. ಈಗ ಅಂದ್ರಲ್ಲ, ಅದೇ ಮಾತನ್ನ ಬಂದು ನಿಮ್ಮಮ್ಮನ ಮುಂದೆ ಹೇಳಿ."