ತಾರೀಖಕ್ಕನ ತಪ್ಪು

"ಕೂತ್ಕೋಬೇಡ. ಅಲ್ಲೇ ನಿಂತಿರು," ಎಂದರು ಅಳಿಯ ದೇವರು.

ಸೊಸೆ ಎಳೆದಿದ್ದ ಕುರ್ಚಿಯನ್ನು ಮತ್ತೆ ಮೇಜಿನ ಕೆಳಗೆ ತಳ್ಳಿ ನಿಂತಳು. ಮೇಜಿನ ತುದಿಯಲ್ಲಿ ಕೂತಿದ್ದ ಅತ್ತೆ, ಅಂದರೆ ಈ ಸಾಫ್ಟ್‌ವೇರ್ ಕಂಪನಿಯ ಯಜಮಾನಿ, ಅಳಿಯನ ಮಾತಿಗೆ ಬೇಡ ಎನ್ನಲಿಲ್ಲ. ಎನ್ನುತ್ತಾರೆಂದು ಸೊಸೆ ಎಣಿಸಿಯೂ ಇರಲಿಲ್ಲ. ಇವತ್ತು ಅತ್ತೆ ಎಲ್ಲರಿಗಿಂತ ಮೊದಲೇ ಬಂದು ಈ ಕೋಣೆಯಲ್ಲಿ ಕೂತಿದ್ದರಂತೆ. ತನ್ನನ್ನು ಹೊರಗೆ ಹಾಕಲು ಅಷ್ಟೊಂದು ಅವಸರ, ಅಂದುಕೊಂಡಳು.

ಅಳಿಯ ದೇವರು ಎಂಬುದು ಆಫೀಸಿನವರು ಬೆನ್ನ ಹಿಂದೆ ಇಟ್ಟ ಹೆಸರು. ಯಜಮಾನಿಯ ಒಬ್ಬಳೇ ಮಗಳನ್ನು ಮದುವೆಯಾದವರು, ಇಡೀ ಆಫೀಸಿಗೆ ಮುಖ್ಯಸ್ಥರು, ಸೊಸೆಗೆ ಭಾವ. ಸೊಸೆಗೆ ಇಟ್ಟ ಹೆಸರು ತಾರೀಖಕ್ಕ. ಯಾವ ದೇಶದವರಿಗೆ ತಾರೀಖು, ಗಂಟೆ ಹೇಗೆ ತೋರಿಸಬೇಕೆಂದು ನೋಡಿಕೊಳ್ಳುವುದೇ ಅವಳ ಕೆಲಸ. ಕೆಲವರಿಗೆ ದಿನ ಮೊದಲು, ತಿಂಗಳು ಆಮೇಲೆ. ಕೆಲವರಿಗೆ ತಿಂಗಳೇ ಮೊದಲು. ಇನ್ನು ಕೆಲವರಿಗೆ ವರ್ಷವೇ ಮುಂದೆ ಬಂದು ಕೂರಬೇಕು. ಆ ವಿಭಾಗವನ್ನು ಶುರುಮಾಡಿದವನು ಅವಳ ಗಂಡ. ಅವನು ತೀರಿಕೊಂಡ ಮೇಲೆ ಅವನ ಕುರ್ಚಿಯಲ್ಲೇ ಅವಳು ಕೂತಳು. ಮಗ ತಾನಾಗಿ ಮೆಚ್ಚಿ ತಂದ ಸೊಸೆಯನ್ನು ಅವನಿದ್ದಾಗಲೇ ಅತ್ತೆಗೆ ಕಂಡರಾಗುತ್ತಿರಲಿಲ್ಲ. ಅವನಿಲ್ಲದ ಮೇಲೆ ಅವಳು ಕಣ್ಣಿಗೆ ಬಿದ್ದ ಕಸ.

"ಒಂದು ತಾರೀಖು ಬರೆಯೋಕೆ ಸಂಬಳ ಬೇರೆ," ಎಂದು ಹೋದ ತಿಂಗಳು ಎಲ್ಲರೆದುರೇ ಹಂಗಿಸಿದ್ದರು. ಅವಳು ಹಟಕ್ಕೆ ಬಿದ್ದು ಅವರನ್ನು ಪರದೆಯ ಮುಂದೆ ಕೂರಿಸಿ, ಒಂದು ಗುಂಡಿ ಒತ್ತಿದರೆ ಅದೇ ತಾರೀಖು ಹೇಗೆ ಹಿಂದುಮುಂದಾಗುತ್ತದೆಂದು ತೋರಿಸಿದ್ದಳು. ಅತ್ತೆ ತಾವೂ ಎರಡು ಸಲ ಒತ್ತಿ ನೋಡಿ, "ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತು. ಇದಕ್ಕೆ ಇಷ್ಟು ಬಡಾಯಿ," ಎಂದು ಎದ್ದು ಹೋಗಿದ್ದರು. ಸುತ್ತಲಿದ್ದವರು ನಕ್ಕಿದ್ದರು. ಅವಳಿಗೆ ಮೈಯೆಲ್ಲ ಉರಿದಿತ್ತು.

ಈಗ ನಗುವವರು ಯಾರೂ ಇಲ್ಲ. ಹೊರದೇಶದ ಔಷಧಿ ಅಂಗಡಿಗಳಿಗೆ ಕೊಟ್ಟ ಪ್ರೋಗ್ರಾಮಿನಲ್ಲಿ ಯಾರೋ ದಿನವನ್ನೂ ತಿಂಗಳನ್ನೂ ಅದಲುಬದಲು ಮಾಡಿದ್ದರು. ಅವಧಿ ಮುಗಿದ ಔಷಧಿಯನ್ನು ಪ್ರೋಗ್ರಾಮು ಚೆನ್ನಾಗಿದೆ ಎಂದಿತ್ತು, ಅದನ್ನು ನುಂಗಿದ ಒಬ್ಬ ಮುದುಕ ಆಸ್ಪತ್ರೆ ಸೇರಿದ್ದ. ಮಾಡಿದವರ ಹೆಸರು ಬೇಕೆಂದು ಅಂಗಡಿಯವರು ಪಟ್ಟು ಹಿಡಿದಿದ್ದರು. ಆಫೀಸಿನ ಹೊರಗಿನಿಂದ ಆ ಪ್ರೋಗ್ರಾಮನ್ನು ಮುಟ್ಟಲು ಬರುವುದಿಲ್ಲ, ಹಾಗಾಗಿ ಮಾಡಿದವರು ಒಳಗಿನವರೇ. ಯಾವತ್ತು ಮಾಡಿದರೆಂಬುದು ಮಾತ್ರ ಸರ್ವರಿನ ದಾಖಲೆ ತೆರೆದ ಮೇಲೆ ತಿಳಿಯಬೇಕು.

ತಪ್ಪು ತನ್ನದೆಂದಾದರೆ ಗಂಡನ ಕುರ್ಚಿಯೂ ಇಲ್ಲ, ಅತ್ತೆಯ ಮನೆಯಲ್ಲಿ ತನಗಿರುವ ಕೋಣೆಯೂ ಇಲ್ಲ. ಅದನ್ನು ಭಾವ ನಿನ್ನೆ ಊಟದ ಹೊತ್ತಿಗೇ ಹೇಳಿ ಮುಗಿಸಿದ್ದರು. ಅತ್ತೆ ತಟ್ಟೆಯಿಂದ ತಲೆ ಎತ್ತಿರಲಿಲ್ಲ.

"ದಾಖಲೆ ನಾನಿನ್ನೂ ನೋಡಿಲ್ಲ," ಎಂದರು ಭಾವ. "ಆಮೇಲೆ ನಾನೇ ಏನೋ ತಿದ್ದಿದೆ ಅನ್ನೋ ಮಾತು ಬೇಡ. ಎಲ್ಲರೂ ಒಟ್ಟಿಗೇ ನೋಡೋಣ."

ಸರ್ವರ್ ನೋಡಿಕೊಳ್ಳುವವನು ಗೋಡೆಯ ಪರದೆಯನ್ನು ಬೆಳಗಿಸಿದ. ಒಂದೇ ಸಾಲು. ಮೊದಲು ಅವಳ ಹೆಸರು, ಪಕ್ಕದಲ್ಲಿ 04/03, 3:40 ಪಿಎಂ.

ಅವಳು ಪರದೆಯತ್ತ ಒಂದು ಹೆಜ್ಜೆ ಇಟ್ಟಳು. ತಾನು ಮಾಡದ ಕೆಲಸದ ಮುಂದೆ ತನ್ನ ಹೆಸರು.

"ನನ್ನ ಕಣ್ಣು ಮಂಜು ಮಂಜು. ತಾರೀಖು ಏನಿದೆ ಓದಪ್ಪ," ಎಂದರು ಅತ್ತೆ.

ಮಾರ್ಚ್ ನಾಲ್ಕು ಎಂದು ಅವನು ಓದಿದ. ಮೇಜಿನ ಸುತ್ತ ಕೂತವರೂ ಹೌದೆಂದು ತಲೆಯಾಡಿಸಿದರು. ಅವಳಿಗೆ ಮಾತ್ರ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಏನೋ ಕಚ್ಚಿತು. ಈ ಆಫೀಸಿನ ಪರದೆಗಳು ಇಪ್ಪತ್ತನಾಲ್ಕು ಗಂಟೆಯ ಲೆಕ್ಕದವು. 15:40 ಎಂದಿರಬೇಕಿತ್ತು, ಈ ಪಿಎಂ ಎಲ್ಲಿಂದ ಬಂತು? ಯೋಚಿಸಲು ಹೊತ್ತಿರಲಿಲ್ಲ. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

"ಮಾರ್ಚ್ ನಾಲ್ಕಕ್ಕೆ ನಾನು ಇಲ್ಲಿರಲೇ ಇಲ್ಲ," ಎಂದಳು. "ಅಮ್ಮನ ಕಣ್ಣಿನ ಆಪರೇಷನ್ ಇತ್ತು. ದಿನವಿಡೀ ಆಸ್ಪತ್ರೇಲಿದ್ದೆ. ರಜೆ ಕೇಳಿದ್ದಕ್ಕೆ ಅತ್ತೆ ಬೈದಿದ್ರು."

"ಬೈದಿದ್ದೆ," ಎಂದರು ಅತ್ತೆ, ಮುಖ ಸಿಂಡರಿಸಿ. "ಹಾಗಿದ್ರೆ ಇದು ಇವಳ ಕೆಲಸ ಅಲ್ಲ. ಏಳಿ, ಎಲ್ಲರೂ ಹೊರಡಿ."

ಭಾವನಿಗೆ ಕೈಗೆ ಬಂದ ತುತ್ತು ಬಾಯಿಗೆ ಬರದೇ ಹೋಗುತ್ತಿತ್ತು. ಅವರು ಮೇಜು ಗುದ್ದಿದರು.

"ಮಾರ್ಚ್ ನಾಲ್ಕಲ್ಲ ಅತ್ತೆ, ಏಪ್ರಿಲ್ ಮೂರು. ಅವತ್ತು ಮಧ್ಯಾಹ್ನ ಇವಳು ಇಲ್ಲೇ ಇದ್ದಳು."

ಎದ್ದವರು ಎದ್ದಲ್ಲೇ ನಿಂತರು. ಸರ್ವರ್ ನೋಡಿಕೊಳ್ಳುವವನು ಪರದೆಯನ್ನೊಮ್ಮೆ, ಭಾವನನ್ನೊಮ್ಮೆ ನೋಡಿದ. ಈ ಕೋಣೆಯಲ್ಲಿ ಇಂದಿನವರೆಗೆ ಯಾರೂ ತಿಂಗಳನ್ನು ಮೊದಲು ಓದಿದ್ದಿಲ್ಲ.

"ದಾಖಲೆ ಇನ್ನೂ ನೋಡಿಲ್ಲ ಅಂದ್ರಲ್ಲ, ಅಳಿಯಂದಿರೇ," ಎಂದರು ಅತ್ತೆ.

ಭಾವ ಪರದೆಯ ಕಡೆ ತಿರುಗಿ ಆ ಸಾಲನ್ನು ಮತ್ತೆ ಓದಿದರು.

"ನಾನು ಬೆಳಿಗ್ಗೆಯೇ ನೋಡಿದೆ," ಎಂದರು ಅತ್ತೆ. "ಏಪ್ರಿಲ್ ಮೂರೇ. ಆಮೇಲೆ ಗುಂಡಿ ಒತ್ತಿ ತಿಂಗಳನ್ನ ಮುಂದಕ್ಕೆ ತಂದಿದ್ದೂ ನಾನೇ. ಇವಳ ಹೆಸರಲ್ಲಿ ಇದನ್ನ ಮಾಡಿದವರಿಗಷ್ಟೇ ಗೊತ್ತಿರೋ ನಿಜ ತಾರೀಖು ಯಾರ ಬಾಯಿಂದ ಬರುತ್ತೆ ನೋಡಬೇಕಿತ್ತು." ಅತ್ತೆ ಸೊಸೆಯ ಕಡೆ ತಿರುಗಿದರು. ಮುಖದ ಗಂಟು ಒಂದಿಷ್ಟೂ ಸಡಿಲವಾಗಿರಲಿಲ್ಲ. "ನೀನೇನೂ ಹಿಗ್ಗಬೇಕಾಗಿಲ್ಲ. ನಿನ್ನನ್ನ ಕಂಡ್ರೆ ನನಗೆ ಈಗಲೂ ಆಗಲ್ಲ. ಆದ್ರೆ ತಾರೀಖಿನಲ್ಲಿ ತಪ್ಪು ಮಾಡೋಳು ನೀನಲ್ಲ. ಕೂತ್ಕೋ."

ಆಮೇಲೆ ಬಾಗಿಲ ಕಡೆ ಕೈ ತೋರಿಸಿದರು. "ಇವತ್ತಿಂದ ನೀವು ನನಗೆ ಅಳಿಯ ಅಲ್ಲ. ಬರೀ ಮಗಳ ಗಂಡ."