ಇಪ್ಪತ್ತೆರಡು ಸಾವಿರದ ಕೆಲಸ

"ನಿಮ್ಮ ಮೇಷ್ಟ್ರೇ ಬೇಡ ಅಂದ್ರಲ್ಲಮ್ಮ, ನಾನೇನ್ ಮಾಡ್ಲಿ?"

ಬೇಲೂರಿನ ಲಾಡ್ಜಿನ ಮ್ಯಾನೇಜರ್ ರುಕ್ಮಿಣಮ್ಮ ಬಯೋಡೇಟಾವನ್ನು ನಯನಾಳ ಕಡೆಗೆ ತಳ್ಳಿದರು. ನಿನ್ನೆ ಇದೇ ಕುರ್ಚಿಯಲ್ಲಿ ಕೂರಿಸಿ, ಎರಡು ಕೆಟ್ಟ ಎ.ಸಿ. ರಿಪೇರಿ ಮಾಡಿಸಿಕೊಂಡು, ಕಾಫಿ ಕೊಟ್ಟು, ಸೋಮವಾರದಿಂದ ಬಾ ಎಂದಿದ್ದವರು ಇವರೇ.

"ಏನಂದ್ರು ಮೇಡಂ?"

"ಹುಡುಗಿ ಒಳ್ಳೇಳೇ, ಆದ್ರೆ ಗ್ಯಾಸ್ ತುಂಬೋಕೆ ಮಾತ್ರ ಬಿಡಬೇಡಿ ಅಂದ್ರು. ಕಂಪ್ರೆಸರ್ ಸುಟ್ಟಿದ್ದೀಯಂತೆ."

ಸುಟ್ಟಿದ್ದು ನಿಜ. ಒಂದೆರಡು ಸಲ, ಕಲಿಯುವಾಗ. ಅಷ್ಟನ್ನೇ ಹಿಡಿದುಕೊಂಡು ಹೀಗೆ ಹಗೆ ಸಾಧಿಸಬೇಕೆ? ಹದಿನೈದು ದಿನದ ಹಿಂದೆ ಅರಸೀಕೆರೆಯ ಎ.ಸಿ. ಶೋರೂಮಿನವರೂ ಎಲ್ಲ ಒಪ್ಪಿ, ಮಾರನೆಯ ದಿನ ಮುಖ ತಿರುಗಿಸಿದ್ದರು. ಅವರೂ ಮೇಷ್ಟ್ರಿಗೆ ಫೋನ್ ಮಾಡಿದ್ದರು.

ಹೊರಗೆ ಅಣ್ಣ ಮಧುಕುಮಾರ್ ಬೈಕಿನ ಮೇಲೆ ಕಾಯುತ್ತಿದ್ದ. ತಂಗಿಯ ಮುಖ ನೋಡಿ ಹೆಲ್ಮೆಟ್ ಕೈಗಿತ್ತ.

"ಲಕ್ಷ್ಮೀಶ ಮೇಷ್ಟ್ರು ಹಿಂಗ್ ಮಾಡ್ತಾರೆ ಅಂತ ಅನ್ಕೊಂಡಿರ್ಲಿಲ್ಲ ಕಣಣ್ಣ."

"ಅವ್ರಕ್ಕನ ಮಗ ಒಬ್ಬ ಅವ್ನಲ್ಲ, ನಿನ್ ಬ್ಯಾಚಿನೋನು. ಅವ್ನಿಗೂ ಕೆಲ್ಸ ಬೇಕಲ್ವಾ?"

ನಯನಾಗೆ ಅದು ಹೊಳೆದೇ ಇರಲಿಲ್ಲ.

ಫ್ರಿಜ್ಜು, ಎ.ಸಿ. ವಿದ್ಯೆಯನ್ನು ಹಗರೆ ಊರಿನ ಅವಳ ಮನೆಗೆ ತಂದವನು ಮಧುಕುಮಾರನೇ. ಬೇಲೂರಿನ ಅಂಗಡಿಯೊಂದರಲ್ಲಿ ಹನ್ನೊಂದು ವರ್ಷದಿಂದ ರಿಪೇರಿ ಕೆಲಸ, ಸಂಬಳ ಹದಿನಾಲ್ಕು ಸಾವಿರ. ಜಾಸ್ತಿ ಕೇಳಿದಾಗಲೆಲ್ಲ ಸಾಹುಕಾರರು ಸರ್ಟಿಫಿಕೇಟ್ ಎಲ್ಲಿ ಎನ್ನುತ್ತಿದ್ದರು. ತನಗಿಲ್ಲದ್ದು ತಂಗಿಗಾದರೂ ಇರಲಿ ಎಂದು ಅರಸೀಕೆರೆಯ ತರಬೇತಿ ಕೇಂದ್ರದಲ್ಲಿ ಎರಡು ವರ್ಷ ಫೀಸು ಕಟ್ಟಿ ಓದಿಸಿದ. ಬಯೋಡೇಟಾ ಟೈಪ್ ಮಾಡಿಸಿ, ವಿಚಾರಿಸುವವರಿಗೆಂದು ಮೇಷ್ಟ್ರ ಹೆಸರು, ಅವರ ಹೊಸ ನಂಬರು ಹಾಕಿಸಿ, ಹತ್ತು ಪ್ರತಿ ಜೆರಾಕ್ಸ್ ತಂದ. ಅಂಥ ಅಣ್ಣ ಊರಿನಲ್ಲಿ ಇನ್ನೊಬ್ಬನಿಲ್ಲ ಎಂದು ನೆರೆಯವರೆಲ್ಲ ಹೇಳುತ್ತಿದ್ದರು.

ಕೇಂದ್ರದ ಗೋಡೆಯ ಬ್ಯಾನರಿನಲ್ಲಿ ಪಾಸಾದ ತಿಂಗಳೇ ಇಪ್ಪತ್ತೆರಡು ಸಾವಿರ ಎಂದು ಬರೆದಿತ್ತು. ಇಂಥ ಬ್ಯಾನರು ನಿಜವಾಗಿದ್ದರೆ ಅದನ್ನು ಬರೆದವನೇ ಮೊದಲು ಸೇರಿಕೊಳ್ಳುತ್ತಿದ್ದ. ಆದರೂ ಶೋರೂಮಿನವರು ಚೌಕಾಸಿ ಮಾಡದೆ ಅಷ್ಟಕ್ಕೇ ಒಪ್ಪಿದರು. ಆ ಸಂಜೆ ಅವ್ವ ಹುಚ್ಚಮ್ಮ, "ಇನ್ಮ್ಯಾಕೆ ಪೆಟ್ರೋಲ್‌ಗೆ ನಿನ್ ತಂಗಿ ತಾವ್ಲೇ ಇಸ್ಕಳಪ್ಪ" ಎಂದು ಮಗನನ್ನು ರೇಗಿಸಿದಳು. ಎಲ್ಲರೂ ನಕ್ಕರು. ಮಧು ಎಲ್ಲರಿಗಿಂತ ಜೋರಾಗಿ ನಕ್ಕ.

ಬೇಲೂರಿನ ಕೆಲಸ ಕೈತಪ್ಪಿದ ಮಾರನೆಯ ದಿನ ನಯನಾ ಒಬ್ಬಳೇ ಅರಸೀಕೆರೆಯ ಬಸ್ಸು ಹತ್ತಿದಳು. ಲಕ್ಷ್ಮೀಶ ಮೇಷ್ಟ್ರು ಹೊಸ ಬ್ಯಾಚಿಗೆ ತಾಮ್ರದ ಪೈಪು ಬೆಸೆಯುವುದನ್ನು ತೋರಿಸುತ್ತಿದ್ದರು. ಅವಳನ್ನು ಕಂಡು ಮುಖವರಳಿಸಿದರು.

"ಬಾಮ್ಮ. ಎಲ್ಲಿ ಸೇರ್ಕೊಂಡೆ?"

"ನೀವು ಬಿಟ್ರೆ ತಾನೆ ಸಾರ್ ಸೇರೋದು? ಅಕ್ಕನ ಮಗನಿಗೋಸ್ಕರ ನನ್ ಅನ್ನಕ್ಕೆ ಕಲ್ಲು ಹಾಕಿದ್ರಲ್ಲ."

"ಏನಮ್ಮ ಇದು? ನನ್ನ ಯಾರೂ ಏನೂ ಕೇಳೇ ಇಲ್ಲ."

"ಕಂಪ್ರೆಸರ್ ಸುಟ್ಟಳು ಅಂತ ಹೇಳಿಲ್ವಾ?"

"ಯಾವ ಕಂಪ್ರೆಸರ್?"

ಎಷ್ಟು ಚೆನ್ನಾಗಿ ನಟಿಸುತ್ತಾರೆ ಎಂದುಕೊಂಡಳು. ಇಡೀ ಬ್ಯಾಚಿನ ಮುಂದೆ, "ನಿಮ್ಮನ್ನ ದೇವ್ರು ಅನ್ಕೊಂಡಿದ್ದೆ, ನನ್ ಬುದ್ಧಿಗಿಷ್ಟು" ಎಂದುಬಿಟ್ಟಳು. ಮೇಷ್ಟ್ರು ಪೈಪನ್ನು ಕೆಳಗಿಟ್ಟು ಸ್ಟೂಲಿನ ಮೇಲೆ ಕುಳಿತರು.

ಉಳಿದದ್ದು ಹಳೇಬೀಡಿನ ಹೊಸ ಹೋಟೆಲ್ ಒಂದೇ. ಇದೂ ತಪ್ಪಿದರೆ ಹಾಸನದ ಗಾರ್ಮೆಂಟ್ಸಿಗೆ ಕಳಿಸುವುದೆಂದು ಅವ್ವ ತೀರ್ಮಾನಿಸಿಯಾಗಿತ್ತು. ಕಲಿತ ಎರಡು ವರ್ಷ ನೀರಿನಲ್ಲಿ ಹೋಮ.

"ಈ ಸಲ ಮೇಷ್ಟ್ರ ಹೆಸ್ರು ತೆಗೆದುಬಿಡಣ್ಣ" ಎಂದಳು ನಯನಾ.

"ತೆಗುದ್ರೆ ಏನೋ ಮುಚ್ಚಿಡ್ತಾವ್ಳೆ ಅನ್ಕತಾರೆ. ಇರ್ಲಿ ಬುಡು" ಎಂದ ಅಣ್ಣ.

ಅಂಗಡಿಗೆ ಅರ್ಧ ದಿನ ರಜೆ ಹಾಕಿ ಅವನೇ ಹೋಟೆಲಿನವರೆಗೂ ಬಿಟ್ಟ. "ಹಿಂದ್ಗಡೆ ನೆಳ್ಳಲ್ಲಿರ್ತೀನಿ, ಧೈರ್ಯವಾಗಿ ಮಾತಾಡು" ಎಂದು ಬೆನ್ನು ತಟ್ಟಿ ಕಳಿಸಿದ.

ಹೋಟೆಲಿನ ಮಾಲೀಕರು ಷಡಕ್ಷರಪ್ಪ, ಕೊಬ್ಬರಿ ವ್ಯಾಪಾರದಲ್ಲಿ ಪಳಗಿದ ಮನುಷ್ಯ. ನಲವತ್ತು ರೂಮು ಎದ್ದಿದ್ದವು, ಎ.ಸಿ. ಇನ್ನೂ ಕೂರಿಸಿರಲಿಲ್ಲ. ಆಫೀಸಿನ ಕಿಟಕಿಗಳನ್ನೆಲ್ಲ ತೆರೆದಿಟ್ಟುಕೊಂಡು ಕುಳಿತಿದ್ದರು. ಅರ್ಧ ಗಂಟೆ ಕೆಲಸದ ಪ್ರಶ್ನೆ ಕೇಳಿದರು. ಒಂದಕ್ಕೂ ಅವಳು ತಡವರಿಸಲಿಲ್ಲ.

"ಸಂಬಳ ಎಷ್ಟು ಕೇಳ್ತೀಯಮ್ಮ?"

"ಇಪ್ಪತ್ತೆರಡು ಸಾರ್."

"ಕೊಡೋಣ. ಕೆಲಸ ಗೊತ್ತಿರೋರಿಗೆ ಕೊಡೋಕೆ ನನಗೇನು ಸಂಕಟ?" ಎಂದವರು ಬಯೋಡೇಟಾ ನೋಡಿಕೊಂಡು ಮೊಬೈಲಿನಲ್ಲಿ ನಂಬರು ಒತ್ತಿದರು. "ನಾನು ಬೆನ್ನ ಹಿಂದೆ ವಿಚಾರಿಸೋನಲ್ಲ. ನಿನ್ನೆದುರಿಗೇ ಕೇಳ್ತೀನಿ."

"ಬೇಡಿ ಸಾರ್. ಅವ್ರು ನನ್ ಮೇಲೆ ಸುಳ್ಳು ಹೇಳ್ತಾರೆ."

"ಹೇಳ್ಲಿ. ಇಬ್ಬರ ಮಾತೂ ಕೇಳೋಣ."

ಸ್ಪೀಕರ್ ಹಾಕಿ ಮೊಬೈಲನ್ನು ಮೇಜಿನ ಮೇಲಿಟ್ಟರು. ಎರಡು ರಿಂಗಿಗೆ ಆ ಕಡೆಯಿಂದ ಗಡಸು ದನಿ ಬಂತು.

"ಹಲೋ, ಲಕ್ಷ್ಮೀಶ ಮಾತಾಡ್ತಿರೋದು, ಟ್ರೈನಿಂಗ್ ಸೆಂಟರ್ರು."

ಷಡಕ್ಷರಪ್ಪ ವಿಷಯ ಹೇಳಿದರು.

"ಹುಡುಗಿ ಒಳ್ಳೇಳೇ ಸಾರ್. ಗ್ಯಾಸ್ ತುಂಬೋಕೆ ಬಿಡಬೇಡಿ ಅಷ್ಟೇ. ಒಂದು ಹಸಿರು ಫ್ರಿಜ್ಜಿನ ಕಂಪ್ರೆಸರ್ ಸುಟ್ಟು ಕೂತಿದ್ಲು."

ಹಸಿರು ಫ್ರಿಜ್ಜು. ಅದು ಸುಟ್ಟಿದ್ದು ನಯನಾಳ ಮನೆಯ ಹಿತ್ತಲಲ್ಲಿ, ಅವಳು ಕೇಂದ್ರಕ್ಕೆ ಸೇರುವ ಮೊದಲು, ಅಣ್ಣ ಕಲಿಸುವಾಗ. ಮೇಷ್ಟ್ರು ಅದನ್ನು ಕಂಡೇ ಇರಲಿಲ್ಲ.

"ಇಪ್ಪತ್ತೆರಡು ಸಾವಿರದ ಕೈಯಲ್ಲ ಸಾರ್ ಅದು."

ಈ ಮಾತು ಅವಳಿಗೆ ಎರಡು ಸಲ ಕೇಳಿಸಿತು: ಮೊದಲು ಹಿಂಬದಿಯ ಕಿಟಕಿಯಾಚೆ ನೆರಳಲ್ಲಿ ನಿಂತಿದ್ದ ಅಣ್ಣನ ಬಾಯಿಂದ, ಆಮೇಲೆ ಮೇಜಿನ ಮೇಲಿನ ಫೋನಿನಿಂದ.